ನಾನು ಹೊಡೆಸಿದ ಚಪ್ಪಾಳೆ

ಕೆನಡಾಕ್ಕೆ ಹೋಗಿ ಬಂದವರು ನಯಾಗರಾ ಜಲಪಾತದ ಬಗ್ಗೆ ಬರೆಯದಿದ್ದರೆ ಹೋದದ್ದನ್ನೇ ಊರಿನವರು ನಂಬುವುದಿಲ್ಲ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ನಾನೂ ಹೋಗಿದ್ದೆ, ನೋಡಿದೆ, ಒದ್ದೆಯಾದೆ. ಹೆಂಡತಿ ಸುಮತಿ ಫೋಟೋ ತೆಗೆದಳು, ಅದರಲ್ಲಿ ಜಲಪಾತ ಪೂರ್ತಿ ಬಂದಿದೆ, ನನ್ನ ತಲೆ ಬಂದಿಲ್ಲ. ಜಲಪಾತದ ವಿಷಯ ಇಲ್ಲಿಗೆ ಮುಗಿಯಿತು. ನಾನು ಬರೆಯಲು ಕೂತಿರುವುದು ಆ ಪ್ರವಾಸದಲ್ಲಿ ನಾನು ಮಾಡಿ ಬಂದ ಒಂದು ಮಾನಗೇಡಿ ಕೆಲಸದ ಬಗ್ಗೆ. ಹೇಗಿತ್ತು ಪ್ರವಾಸ ಎಂದು ಕೇಳಿದವರಿಗೆಲ್ಲ ಇಷ್ಟು ದಿನ "ಭಾರಿ ಲಾಯ್ಕಿತ್ತು" ಎಂದೇ ಹೇಳುತ್ತ ಬಂದಿದ್ದೇನೆ. ಅದರಲ್ಲಿ ಅರ್ಧ ಸುಳ್ಳು.

ಸ್ಕಾರ್‌ಬರೋ, ಮೊದಲ ದಿನಗಳು

ಸುಮತಿಯ ತಮ್ಮ ಸದಾಶಿವ ಟೊರಾಂಟೋದ ಪೂರ್ವಕ್ಕಿರುವ ಸ್ಕಾರ್‌ಬರೋದಲ್ಲಿ ಮನೆ ಮಾಡಿಕೊಂಡಿದ್ದಾನೆ. ಕೆಲಸ ಒಶಾವಾದಲ್ಲಿ, ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ. ಅವನ ಹೆಂಡತಿ ಶೋಭಾ ಒಂದು ನರ್ಸಿಂಗ್ ಹೋಮಿನಲ್ಲಿ ಶಿಫ್ಟು ಮಾಡುತ್ತಾಳೆ. "ರಿಟೈರ್ ಆಗಿ ಮನೆಯಲ್ಲಿ ಎಂತ ಮಾಡ್ತೀರಿ ಭಾವ, ಒಮ್ಮೆ ಬನ್ನಿ ಮಾರಾಯ್ರೇ" ಎಂದು ಅವನು ಪ್ರತಿ ವರ್ಷ ಕರೆಯುತ್ತಿದ್ದ. ಕೊನೆಗೆ 2018ರ ಅಕ್ಟೋಬರಿನಲ್ಲಿ, ಅಲ್ಲಿನ ಮರಗಳೆಲ್ಲ ಕೆಂಪು ಹಳದಿಯಾಗಿ ಎಲೆ ಉದುರಿಸುವ ಹೊತ್ತಿಗೆ, ನಾವಿಬ್ಬರೂ ಉಡುಪಿಯಿಂದ ಹೋಗಿ ಇಳಿದೆವು.

ಅಲ್ಲಿನ ಸಿಟಿ ಬಸ್ಸಿಗೆ ಕಂಡಕ್ಟರ್ ಇಲ್ಲ. ಇಳಿಯುವವರು ಹಿಂದಿನ ಬಾಗಿಲಿನಿಂದಲೇ "ಥ್ಯಾಂಕ್ಯೂ" ಎಂದು ಡ್ರೈವರನಿಗೆ ಕೂಗಿ ಇಳಿಯುತ್ತಾರೆ. ನಮ್ಮ ಮಣಿಪಾಲದ ಬಸ್ಸಿನಲ್ಲಿ ಹಾಗೆ ಕೂಗಿದರೆ ಏನೋ ಬಿದ್ದುಹೋಯಿತೆಂದು ಡ್ರೈವರ್ ಬ್ರೇಕ್ ಹಾಕಿಯಾನು. ಒಂದು ದಿನ ಬಸ್ಸು ತಿರುಗಿದಾಗ ನಾನು ಆಯತಪ್ಪಿ ಪಕ್ಕದಲ್ಲಿ ನಿಂತಿದ್ದ ಎತ್ತರದ ಸರ್ದಾರ್ಜಿಯೊಬ್ಬರ ಕಾಲನ್ನು ಚೆನ್ನಾಗಿ ತುಳಿದೆ. ಅವರೇ "ಸಾರಿ" ಎಂದರು. ನಾನು ಏನು ಹೇಳಬೇಕೆಂದು ತಿಳಿಯದೆ "ಪರವಾಗಿಲ್ಲ" ಎಂದೆ. ಸುಮತಿ ನಗು ತಡೆಯಲಾರದೆ ಕಿಟಕಿಯ ಕಡೆ ತಿರುಗಿಕೊಂಡಳು.

ಆಗ ಅಲ್ಲಿ ನಗರಸಭೆಯ ಚುನಾವಣೆ. ಮೈಕಿಲ್ಲ, ಮೆರವಣಿಗೆಯಿಲ್ಲ, ಗೋಡೆ ಬರಹವಿಲ್ಲ. ತಮಗೆ ಬೇಕಾದವರ ಹೆಸರಿನ ಪುಟ್ಟ ಬೋರ್ಡನ್ನು ಜನ ತಮ್ಮ ಮನೆಯೆದುರಿನ ಹುಲ್ಲಿನ ಮೇಲೆ ನೆಟ್ಟುಕೊಳ್ಳುತ್ತಾರೆ, ಅಷ್ಟೇ. ಸದಾಶಿವನ ಪಕ್ಕದ ಮನೆಯಲ್ಲಿ ಜಮೈಕಾದಿಂದ ಬಂದ ಮಿಸೆಸ್ ಗ್ರೇಸ್ ಎಂಬ ಗಟ್ಟಿಗಿತ್ತಿ ಇದ್ದರು. ಒಂದು ಬೆಳಿಗ್ಗೆ ಅವರು ಅಂಗಳದ ಎಲೆ ಬಾಚುತ್ತಿದ್ದಾಗ ಅವರ ವಾರ್ಡಿನ ಕೌನ್ಸಿಲರ್ ಸಾಹೇಬರು ಒಬ್ಬರೇ, ಕೈಯಲ್ಲಿ ಕರಪತ್ರ ಹಿಡಿದು ಬಂದರು. ನಾನು ಚಹಾ ಹಿಡಿದು ನಮ್ಮ ಮೆಟ್ಟಿಲ ಮೇಲೆ ನಿಂತಿದ್ದೆ.

"ಕಳೆದ ಸಲ ನಿಮ್ಮ ಬೋರ್ಡು ಇಲ್ಲೇ ನೆಟ್ಟಿದ್ದೆ" ಎಂದರು ಗ್ರೇಸ್. "ಬಸ್ ಸ್ಟಾಪಿಗೆ ಚಾವಣಿ ಹಾಕಿಸುತ್ತೇನೆ ಎಂದಿದ್ದಿರಿ. ನಾಲ್ಕು ಚಳಿಗಾಲ ಹಿಮದಲ್ಲಿ ನಿಂತೆ. ಎಲ್ಲಿ ಚಾವಣಿ?"

ಕೌನ್ಸಿಲರ್ ಏನೇನೋ ಕಾರಣ ಹೇಳಿದರು. ಗ್ರೇಸ್ ಪೂರ್ತಿ ಕೇಳಿಸಿಕೊಂಡು, "ನಿಮ್ಮನ್ನು ಆರಿಸಿ ನಾನು ತಪ್ಪು ಮಾಡಿದೆ ಅನ್ನಿಸುತ್ತದೆ. ಈ ಸಲ ಬೋರ್ಡು ಬೇಡ" ಎಂದು ಮತ್ತೆ ಎಲೆ ಬಾಚತೊಡಗಿದರು. ಆ ಮನುಷ್ಯ ಧನ್ಯವಾದ ಹೇಳಿ ಮುಂದಿನ ಮನೆಗೆ ಹೋದ!

ಮಧ್ಯಾಹ್ನ ಊಟಕ್ಕೆ ಕೂತಾಗ ನನಗೆ ಬಾಯಿ ಕಟ್ಟಿಕೊಳ್ಳಲಾಗಲಿಲ್ಲ. ಆರಿಸಿದವರೇ ಕೇಳಬೇಕು, ಕೇಳುವ ಧೈರ್ಯ ನಮ್ಮವರಿಗೆ ಯಾವಾಗ ಬರುತ್ತದೋ ಎಂದು ಸಾರಿನಿಂದ ಮಜ್ಜಿಗೆಯವರೆಗೂ ಕೊರೆದೆ. ಶೋಭಾ ಗಂಡನ ಮುಖ ನೋಡಿದಳು. ಸದಾಶಿವ ತಟ್ಟೆ ನೋಡುತ್ತ, "ಹೌದು ಭಾವ, ಕೇಳ್ಬೇಕು" ಎಂದು ಮಾತ್ರ ಹೇಳಿದ. ಹುಡುಗನಿಗೆ ನನ್ನ ಮಾತು ನಾಟಿತು ಎಂದುಕೊಂಡೆ.

ಒಂದು ಫೋನು

ನನ್ನ ಬಗ್ಗೆ ಇಲ್ಲಿ ಸ್ವಲ್ಪ ಹೇಳಬೇಕು. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವನು. ಊರಿನಲ್ಲಿ ಹೆಸರಾಗಿರುವುದು ಮಾತ್ರ ಅಭಿನಂದನಾ ಭಾಷಣಕ್ಕೆ. ಬ್ಯಾಂಕ್ ಮ್ಯಾನೇಜರ್ ನಿವೃತ್ತರಾಗಲಿ, ಯಕ್ಷಗಾನದ ಭಾಗವತರಿಗೆ ಸನ್ಮಾನವಾಗಲಿ, ಸೊಸೈಟಿಯ ಅಧ್ಯಕ್ಷರಿಗೆ ಅರವತ್ತು ತುಂಬಲಿ, ಹೊಗಳಲಿಕ್ಕೆ ನನ್ನನ್ನು ಕರೆಯುತ್ತಾರೆ. ಸನ್ಮಾನಿತರ ಪರಿಚಯ ನನಗಿರಬೇಕೆಂದಿಲ್ಲ. ವೇದಿಕೆ ಹತ್ತುವ ಮುಂಚೆ ಯಾರಾದರೂ ಕಿವಿಯಲ್ಲಿ ನಾಲ್ಕು ವಿಷಯ ಹಾಕಿದರೆ ಸಾಕು, ಮನುಷ್ಯನನ್ನು ಅಟ್ಟಕ್ಕೇರಿಸಿ ಸಭೆಯ ಕಣ್ಣಲ್ಲಿ ನೀರು ತರಿಸುತ್ತೇನೆ. ಶಾಲು, ಹಣ್ಣಿನ ಬುಟ್ಟಿ, ನನ್ನ ಭಾಷಣ, ಈ ಮೂರೂ ಇದ್ದರೆ ನಮ್ಮಲ್ಲಿ ಸನ್ಮಾನ ಪೂರ್ಣವಾಯಿತು ಎಂದು ಲೆಕ್ಕ. ಇದರ ಬಗ್ಗೆ ನನಗೆ ಜಂಭ ಇತ್ತು. ಇತ್ತು ಎಂದೇ ಬರೆಯುತ್ತೇನೆ.

ಅಲ್ಲಿಯ ಕರಾವಳಿಯವರೆಲ್ಲ ಸೇರಿ ಕಟ್ಟಿಕೊಂಡ ಸಂಘವೊಂದಿದೆ. ತುಳುವರೇ ಹೆಚ್ಚು. ಅದರ ಅಧ್ಯಕ್ಷ ಜಗನ್ನಾಥಣ್ಣ ಟೊರಾಂಟೋದ ಉತ್ತರಕ್ಕಿರುವ ರಿಚ್ಮಂಡ್ ಹಿಲ್ಲಿನಲ್ಲಿ ಮನೆ ಮಾರಿಸುವ, ಕೊಡಿಸುವ ವ್ಯವಹಾರ ಮಾಡುವವರು. ನಾವು ಬಂದದ್ದು ಅವರಿಗೆ ಹೇಗೋ ತಿಳಿದು ಫೋನ್ ಮಾಡಿದರು.

"ಮಾಸ್ಟ್ರೇ, ನಾನು ನಿಮ್ಮ ಸ್ಟೂಡೆಂಟ್ ಅಲ್ಲ, ನನ್ನ ತಮ್ಮ ನಿಮ್ಮ ಸ್ಟೂಡೆಂಟ್. ನಿಮ್ಮ ಭಾಷಣ ಅಂದ್ರೆ ಅವ ಈಗ್ಲೂ ಸಾಯ್ತಾನೆ. ಈ ಶನಿವಾರ ನಮ್ಮ ಮಹಾಸಭೆ ಉಂಟು. ನೀವು ಚೀಫ್ ಗೆಸ್ಟ್. ಇಲ್ಲ ಅನ್ಬಾರ್ದು."

ಇಲ್ಲ ಎನ್ನುವ ಅಭ್ಯಾಸ ನನಗೆ ಎಂದೂ ಇರಲಿಲ್ಲ. ಫೋನ್ ಇಟ್ಟು ವಿಷಯ ಹೇಳಿದಾಗ ಸದಾಶಿವ ಶಿಫ್ಟಿಗೆ ಹೊರಡಲು ಬೂಟು ಕಟ್ಟುತ್ತಿದ್ದ. ಕಟ್ಟುವುದನ್ನು ನಿಲ್ಲಿಸಿ, "ಮಹಾಸಭೆಗಾ?" ಎಂದ. ಆಮೇಲೆ, "ನಿಮ್ಮಿಷ್ಟ ಭಾವ" ಎಂದು ಹೊರಟುಹೋದ. ಏನು ವಿಷಯ ಎಂದು ಆಗಲೇ ಕೇಳಬಹುದಿತ್ತು. ನಾನು ಸುಮತಿಗೆ ನನ್ನ ರೇಷ್ಮೆ ಜುಬ್ಬಾ ಇಸ್ತ್ರಿ ಮಾಡಲು ಹೇಳಿದೆ.

ರಿಚ್ಮಂಡ್ ಹಿಲ್, ಮಹಾಸಭೆಯ ಶನಿವಾರ

ಮೊದಲು ಅಲ್ಲಿನ ದೇವಸ್ಥಾನಕ್ಕೆ ಹೋಗಿ ಕೈಮುಗಿದು, ಮೊಸರನ್ನದ ಪ್ರಸಾದ ತಿಂದು, ಸಭೆಯ ಹಾಲಿಗೆ ಹೋದೆವು. ಹಾಲು ಅಂದರೆ ಹಾಲು. ಗಾಜಿನ ತೂಗುದೀಪ, ಕುರ್ಚಿಗಳಿಗೆಲ್ಲ ಬಿಳಿ ಬಟ್ಟೆಯ ಅಂಗಿ, ಹಿಂದೆ ಕಟ್ಟಿದ ರಿಬ್ಬನ್ನು. ನಮ್ಮಲ್ಲಿ ಮದುಮಗನ ಕುರ್ಚಿಗೂ ಅಷ್ಟು ಶೃಂಗಾರ ಇರುವುದಿಲ್ಲ. ಹೊರಗೆ ಪಾರ್ಕಿಂಗಿನಲ್ಲಿ ಕಾರುಗಳ ಸಾಲು. ಮುಂದಿನ ಸಾಲಿನ ಒಂದು ತುದಿಯಲ್ಲಿ, ರೇಷ್ಮೆ ಸೀರೆಯ ಮೇಲೆ ದಪ್ಪ ಕೋಟು, ಕಾಲಿಗೆ ಓಡುವವರ ಬೂಟು ಹಾಕಿದ ಬಿಳಿ ಕೂದಲ ಹೆಂಗಸೊಬ್ಬರು ಕೂತಿದ್ದರು. ನನ್ನ ಕಡೆ ನೋಡಿ ಕೈಮುಗಿದರು.

ಜಗನ್ನಾಥಣ್ಣ ನನ್ನನ್ನು ಅಪ್ಪಿಕೊಂಡು, ವೇದಿಕೆಗೆ ಕರೆದೊಯ್ಯುತ್ತ ಕಿವಿಯಲ್ಲಿ ನನಗೆ ಬೇಕಾದ ನಾಲ್ಕು ವಿಷಯ ಹಾಕಿದರು. ಕಷ್ಟಪಟ್ಟು ಮೇಲೆ ಬಂದವರು, ಎರಡು ಅವಧಿಗೆ ಅಧ್ಯಕ್ಷರು, ಊರಿನಿಂದ ಸಿನಿಮಾ ನಟರನ್ನೆಲ್ಲ ಕರೆಸಿದವರು, ಇಷ್ಟು ದೊಡ್ಡ ಹಾಲಿನಲ್ಲಿ ದೀಪಾವಳಿ ಮಾಡಿದವರು. "ಇವತ್ತು ಎಲೆಕ್ಷನ್ ಉಂಟು, ಅದೆಲ್ಲ ಫಾರ್ಮಾಲಿಟಿ ಮಾಸ್ಟ್ರೇ" ಎಂದೂ ಹೇಳಿದರು.

ಮಾತಾಡಲು ನಿಂತೆ. ಊರು ಬಿಟ್ಟವರು ಊರನ್ನು ಹೇಗೆ ಎದೆಯಲ್ಲಿಟ್ಟುಕೊಂಡಿದ್ದಾರೆ ಎಂದು ಶುರುಮಾಡಿ, ನಡುವೆ ಎರಡು ತುಳು ಮಾತು ಸೇರಿಸಿ ನಗಿಸಿ, ನಂತರ ಜಗನ್ನಾಥಣ್ಣನ ಹೆಗಲ ಮೇಲೆ ಕೈಯಿಟ್ಟೆ. ಅವರ ಕಣ್ಣು ತುಂಬಿತು. ನನ್ನದೂ ತುಂಬಿತು, ಅದು ನನ್ನ ದೇಹದ ಗುಣ. ಕೊನೆಗೆ ಪ್ರತಿ ಭಾಷಣದಲ್ಲೂ ಮಾಡುವಂತೆ ಸಭೆಯನ್ನು ಸೇರಿಸಿಕೊಂಡೆ. "ಇಂಥ ಅಧ್ಯಕ್ಷರು ಸಿಕ್ಕಿರುವುದು ನಿಮ್ಮ ಭಾಗ್ಯ. ಇವರು ಇನ್ನೊಂದು ಅವಧಿಗೂ ಈ ಕುರ್ಚಿಯಲ್ಲಿ ಕೂರಬೇಕೆಂದು ಊರಿನ ಪರವಾಗಿ ಕೇಳಿಕೊಳ್ಳುತ್ತೇನೆ. ಒಪ್ಪಿಗೆಯಿದ್ದವರೆಲ್ಲ ಊರಿಗೆ ಕೇಳುವ ಹಾಗೆ ಚಪ್ಪಾಳೆ ಹೊಡೆಯಿರಿ!"

ಹೊಡೆದರು. ಎಷ್ಟು ಜೋರಾಗಿ ಹೊಡೆದರೋ ನೆನಪಿಲ್ಲ, ಹೊಡೆದರು. ಆ ಸದ್ದು ಇನ್ನೂ ಇರುವಾಗಲೇ ಸಂಘದ ಕಾರ್ಯದರ್ಶಿ ಮೈಕಿನ ಮುಂದೆ ಬಂದು, "ಊರಿನಿಂದ ಬಂದ ಹಿರಿಯರೇ ಹೆಸರು ಸೂಚಿಸಿದ್ದಾರೆ, ಸಭೆ ಚಪ್ಪಾಳೆಯ ಮೂಲಕ ಅನುಮೋದಿಸಿದೆ. ಜಗನ್ನಾಥಣ್ಣ ಮೂರನೆಯ ಅವಧಿಗೆ ಅವಿರೋಧವಾಗಿ ಆಯ್ಕೆಯಾಗಿದ್ದಾರೆ" ಎಂದು ಘೋಷಿಸಿದರು. ಮುಂದಿನ ಸಾಲಿನ ಆ ಬಿಳಿ ಕೂದಲ ಹೆಂಗಸು ಅರ್ಧ ಎದ್ದಿದ್ದರು. ಕೈ ಕೂಡ ಸ್ವಲ್ಪ ಮೇಲೆತ್ತಿದ್ದರು. ನನ್ನ ಮುಖ ನೋಡಿದರು, ಹಿಂದೆ ತಿರುಗಿ ಗೋಡೆಗೊರಗಿ ನಿಂತಿದ್ದ ಸದಾಶಿವನ ಮುಖ ನೋಡಿದರು, ಕೂತರು. ಆಮೇಲೆ ಎತ್ತಿದ ಕೈಯನ್ನು ಇನ್ನೊಂದು ಕೈಗೆ ಸೇರಿಸಿ ಅವರೂ ಚಪ್ಪಾಳೆ ಹೊಡೆದರು.

ನನಗೆ ಶಾಲು ಹೊದಿಸಿದರು. ಊಟಕ್ಕೆ ಕೋರಿರೊಟ್ಟಿ ಇತ್ತು.

ವಾಪಸು ದಾರಿಯಲ್ಲಿ

ಸದಾಶಿವ ಕಾರು ಹತ್ತಿದರೆ ಹಳೆಯ ಹಾಡು ಹಾಕುವವನು. ಅಂದು ಹಾಕಲಿಲ್ಲ. ಹೈವೇಯಲ್ಲಿ ಬಹಳ ದೂರದವರೆಗೆ ನಾನೊಬ್ಬನೇ ಮಾತಾಡಿದೆ. ಹಾಲು ಎಷ್ಟು ದೊಡ್ಡದು, ಜನ ಎಷ್ಟು ಪ್ರೀತಿಯವರು, ನಿಮ್ಮ ಜಗನ್ನಾಥಣ್ಣ ಎಂಥ ಮನುಷ್ಯ. ಸುಮತಿ ನನ್ನ ಮೊಣಕೈ ಚಿವುಟಿದಳು. ನಾನು ಗಮನಿಸಲಿಲ್ಲ.

ಕೊನೆಗೆ ಮುಂದಿನ ಸೀಟಿನಿಂದ ಶೋಭಾ ಹಿಂದೆ ತಿರುಗಿದಳು. "ಅಣ್ಣ, ನೀವು ಹಾಗೆ ಹೇಳ್ಬಾರ್ದಿತ್ತು."

"ಬಿಡು ಶೋಭಾ" ಎಂದ ಸದಾಶಿವ.

"ಬಿಡುದು ಎಂತ? ಅಣ್ಣನಿಗೆ ಗೊತ್ತಾಗ್ಬೇಕು. ಅಣ್ಣ, ಈ ಸಲ ಇವರು ಅಧ್ಯಕ್ಷತೆಗೆ ನಿಲ್ಲುವುದು ಅಂತ ಇತ್ತು. ಸ್ಕಾರ್‌ಬರೋದವರೆಲ್ಲ ಸೇರಿ ಡಿಸೈಡ್ ಮಾಡಿದ್ದು. ಮುಂದಿನ ಸಾಲಲ್ಲಿ ಅರ್ಧ ಎದ್ದರಲ್ಲ, ಆ ಲೀಲಕ್ಕ ಎದ್ದದ್ದು ಇವರ ಹೆಸರು ಸೂಚಿಸ್ಲಿಕ್ಕೆ. ಇವರ ಭಾವನೇ ಸ್ಟೇಜಿನ ಮೇಲೆ ನಿಂತು ಜಗನ್ನಾಥಣ್ಣನ ಹೆಸರು ಹೇಳಿದ್ರೆ ಅವರು ಇನ್ನು ಎಂತ ಹೇಳುದು? ಎಲ್ಲರೂ ನಮ್ಮನ್ನೇ ನೋಡ್ತಿದ್ರು. ಸದಾಶಿವ ಒಳಗಿಂದ ಒಳಗೆ ಸೆಟ್ಲ್ ಆಗಿದ್ದಾನೆ, ಭಾವನನ್ನು ಕರೆಸಿ ಹೇಳಿಸಿದ್ದಾನೆ ಅಂತ ಊಟದ ಲೈನಿನಲ್ಲೇ ಮಾತಾಡಿದ್ರು. ನಾನೇ ಕೇಳಿದೆ."

ನನ್ನ ಹೆಗಲ ಮೇಲೆ ಆ ಶಾಲು ಇನ್ನೂ ಇತ್ತು. ಅದನ್ನು ತೆಗೆದು ಮಡಚಿ ತೊಡೆಯ ಮೇಲಿಟ್ಟುಕೊಂಡೆ. ಇಡಲು ಬೇರೆ ಜಾಗ ಇರಲಿಲ್ಲ. ನಾಚಿಕೆ ಅಂದರೆ ಏನೆಂದು ಅಷ್ಟು ವಯಸ್ಸಿನವರೆಗೆ ನನಗೆ ಗೊತ್ತಿರಲಿಲ್ಲ ಎಂದಲ್ಲ. ಅದು ಕಿವಿಯಿಂದ ಶುರುವಾಗಿ ಕುತ್ತಿಗೆಯವರೆಗೂ ಬಿಸಿಯಾಗಿ ಇಳಿಯುತ್ತದೆ ಎಂದು ಮಾತ್ರ ಅಂದೇ ತಿಳಿಯಿತು. "ನನಗೆ ಗೊತ್ತಿರಲಿಲ್ಲ ಸದಾಶಿವ" ಎಂದೆ. ಅದು ನಿಜ. ಗೊತ್ತುಮಾಡಿಕೊಳ್ಳಲು ನಾನು ಪ್ರಯತ್ನಿಸಲೂ ಇಲ್ಲ ಎನ್ನುವುದು ಅದಕ್ಕಿಂತ ಹೆಚ್ಚು ನಿಜ, ಅದನ್ನು ಹೇಳಲಿಲ್ಲ.

ಒಶಾವಾ

ಮರುದಿನ ಭಾನುವಾರ. ಸದಾಶಿವ ಏನೂ ನಡೆದೇ ಇಲ್ಲವೆಂಬಂತೆ, "ಬನ್ನಿ ಭಾವ, ಒಶಾವಾದ ಕೆರೆ ತೋರಿಸ್ತೇನೆ" ಎಂದ. ಅವನು ಕೆರೆ ಎಂದು ಕರೆದದ್ದಕ್ಕೆ ಆಚೆ ದಡ ಕಾಣುವುದಿಲ್ಲ. ಮಲ್ಪೆಯ ಕಡಲಿನ ಹಾಗೆಯೇ ಅಲೆ ಬರುತ್ತದೆ, ಉಪ್ಪಿನ ವಾಸನೆ ಮಾತ್ರ ಇಲ್ಲ. ದಾರಿಯಲ್ಲಿ ಅವನ ಕಾರ್ಖಾನೆಯನ್ನೂ ಹೊರಗಿನಿಂದ ತೋರಿಸಿದ. ಗಾಳಿಯ ಹೊಡೆತಕ್ಕೆ ಕಣ್ಣಲ್ಲಿ ನೀರು ಬರುತ್ತಿತ್ತು. ಇಬ್ಬರೂ ಒಂದು ಬೆಂಚಿನ ಮೇಲೆ ಕಾಫಿ ಹಿಡಿದು ಕೂತೆವು.

"ನನಗೊಂದು ಮಾತು ಹೇಳಬಾರದಿತ್ತೇನೋ?" ಎಂದೆ.

"ಹೇಗೆ ಹೇಳುದು ಭಾವ? ನೀವು ಅಷ್ಟು ಖುಷಿಯಲ್ಲಿದ್ರಿ. ಜುಬ್ಬಾಕ್ಕೆ ಇಸ್ತ್ರಿ ಆಗಿತ್ತು." ಅವನು ನಕ್ಕ. ಆ ನಗು ನನ್ನನ್ನು ಇನ್ನಷ್ಟು ಕುಗ್ಗಿಸಿತು.

"ಜಗನ್ನಾಥ ಅಷ್ಟು ಕೆಟ್ಟವನಾ?"

"ಕೆಟ್ಟವ ಅಲ್ಲ, ಅದೇ ಕಷ್ಟ." ಸದಾಶಿವ ಕಾಫಿಯ ಮುಚ್ಚಳ ತಿರುಗಿಸುತ್ತ ಕೂತ. "ಮೊದಲ ಸಲ ಸರೀ ಕಾಂಟೆಸ್ಟ್ ಆಗಿ ಗೆದ್ದದ್ದು ಅವ. ಚೀಟಿಯಲ್ಲಿ ಬರೆದು ಓಟು ಹಾಕಿದ್ದು. ಗೆಲ್ಲಿಸಿದ್ದು ನಾವೇ, ಈ ಸ್ಕಾರ್‌ಬರೋದವರು. ಲೀಲಕ್ಕ ಮನೆ ಮನೆಗೆ ಫೋನ್ ಮಾಡಿದ್ರು, ನಾನು ಕಾರಲ್ಲಿ ಜನ ಸಾಗಿಸಿದೆ. ಮೊದಲ ಎರಡು ವರ್ಷ ಹೇಗಿದ್ದ ಗೊತ್ತುಂಟಾ? ಒಬ್ಬರು ಹಾರ್ಟ್ ಅಟ್ಯಾಕಲ್ಲಿ ಹೋದಾಗ ಭಟ್ರನ್ನು ಹುಡುಕಿ, ಫ್ಯೂನರಲ್ ಹೋಮಲ್ಲಿ ಹಗಲಿಡೀ ನಿಂತಿದ್ದ. ತಿಂಗಳಿಗೊಮ್ಮೆ ಸ್ಕಾರ್‌ಬರೋದಲ್ಲಿ ವಯಸ್ಸಾದವರ ಕೂಟ ಶುರುಮಾಡಿದ್ದೂ ಅವನೇ. ಅವನೇ ಬಡಿಸ್ತಿದ್ದ."

"ಮತ್ತೆ?"

"ಮತ್ತೆ ಸ್ಟೇಜು ದೊಡ್ಡದಾಯ್ತು. ಎಲ್ಲ ಪ್ರೋಗ್ರಾಮು ರಿಚ್ಮಂಡ್ ಹಿಲ್ಲಿಗೆ ಹೋಯ್ತು. ಕೂಟವನ್ನು ಅಲ್ಲಿಗೇ ಮರ್ಜ್ ಮಾಡಿದ್ದು ಅಂತ ಹೇಳಿದ. ಕಾರಿಲ್ಲದ ಮುದುಕರು ಬಸ್ಸು, ಸಬ್‌ವೇ ರೈಲು, ಮತ್ತೆ ಬಸ್ಸು ಅಂತ ಹಿಮದಲ್ಲಿ ಹೋಗ್ತಾರಾ? ಕೂಟ ನಿಂತೇಹೋಯ್ತು. ಕೇಳಿದ್ರೆ, ಕಮಿಟಿಯಲ್ಲಿ ಎಲ್ಲರೂ ಒಪ್ಪಿದ್ದು ಅಂತಾನೆ. ಅದೂ ಸುಳ್ಳಲ್ಲ. ಕಮಿಟಿಯಲ್ಲಿ ನಾನೂ ಇದ್ದೆ, ಮಾತಾಡ್ಲಿಲ್ಲ. ಎರಡನೇ ಸಲ ಅವನೇ ಆಗ್ಲಿ ಅಂತ ಚಪ್ಪಾಳೆ ಹೊಡೆದದ್ದೂ ನಾವೇ. ನಾವು ಹಾಕಿದ ಓಟಿಗೆ ನಮಗೇ ನಾಚಿಕೆ ಆಗಿ, ಈ ಸಲ ಸರಿ ಮಾಡುವ ಅಂತ ವರ್ಷದಿಂದ ಮಾತಾಡಿ ಮಾತಾಡಿ ಧೈರ್ಯ ಮಾಡಿದ್ದು."

ನನ್ನ ಕಾಫಿ ಆರಿಹೋಗಿತ್ತು. ಎದುರಿಗೆ ಒಬ್ಬಾಕೆ ನಾಯಿಗೆ ಚೆಂಡೆಸೆಯುತ್ತಿದ್ದಳು. ಮೊನ್ನೆ ಊಟದ ಹೊತ್ತಿನಲ್ಲಿ, ಕೇಳುವ ಧೈರ್ಯ ನಮ್ಮವರಿಗೆ ಯಾವಾಗ ಬರುತ್ತದೋ ಎಂದು ನಾನು ಉಪದೇಶ ಕೊಟ್ಟದ್ದು ಇವನಿಗೆ. ಇವನು ಆಗ ತಟ್ಟೆ ನೋಡುತ್ತ ಹೌದು ಎಂದಿದ್ದ. ನನಗೆ ಅವನ ಪಕ್ಕದಲ್ಲಿ ಕೂತಿರಲೂ ಸಂಕೋಚವಾಯಿತು.

ಲೀಲಕ್ಕನ ಮನೆ

ಕ್ಷಮೆ ಕೇಳಲು ಬಸ್ಸಿನಲ್ಲೇ ಹೋಗಬೇಕು ಎಂದು ನಾನು ಹಟ ಹಿಡಿದೆ. ಸುಮತಿ, "ಕಾರಲ್ಲಿ ಹೋದರೆ ಕ್ಷಮೆ ಕಡಿಮೆಯಾಗ್ತದಾ?" ಎಂದು ಗೊಣಗಿಕೊಂಡೇ ಮಂಕಿ ಟೋಪಿ ಹಾಕಿಕೊಂಡು ಹೊರಟಳು. ಎರಡು ಸ್ಟಾಪು ಮೊದಲೇ ಇಳಿದುಬಿಟ್ಟು, ಮೂಗಿನ ತುದಿ ಮರಗಟ್ಟುವ ಗಾಳಿಯಲ್ಲಿ ತಮಿಳರ ತರಕಾರಿ ಅಂಗಡಿ, ಫಿಲಿಪೀನಿಯರ ಬೇಕರಿ, ಒಂದು ಮಸೀದಿ, ಒಂದು ಹಲ್ಲಿನ ಡಾಕ್ಟರ ಬೋರ್ಡು ಎಲ್ಲ ದಾಟಿ ಲೀಲಕ್ಕನ ಅಪಾರ್ಟ್‌ಮೆಂಟು ತಲುಪಿದೆವು. ಅಕ್ಟೋಬರಿನಲ್ಲೇ ಹೀಗಾದರೆ ಜನವರಿಯಲ್ಲಿ ಆ ಮುದುಕರು ರಿಚ್ಮಂಡ್ ಹಿಲ್ಲಿಗೆ ಹೇಗೆ ಹೋಗಬೇಕಿತ್ತು ಎಂದು ನನ್ನ ಕಾಲುಗಳಿಗೆ ಅರ್ಥವಾಗಿತ್ತು.

ಲೀಲಕ್ಕ ಕಾರ್ಕಳದ ಕಡೆಯವರು. ಒಂದು ಆಸ್ಪತ್ರೆಯ ಅಡುಗೆಮನೆಯಲ್ಲಿ ದುಡಿದು ನಿವೃತ್ತರಾದವರು, ಈಗ ಮಗಳ ಸಂಸಾರದ ಜೊತೆ ಇದ್ದಾರೆ. "ಬನ್ನಿ ಮಾಸ್ಟ್ರೇ, ಬಲೆ ಬಲೆ! ಬಸ್ಸಲ್ಲಿ ಬಂದ್ರಾ? ಈ ಚಳಿಗೆ? ದೇವರೇ!" ಎಂದು ಕನ್ನಡ ತುಳು ಎರಡರಲ್ಲೂ ಒಳಗೆ ಕರೆದು, ನನ್ನ ಕೈ ಹಿಡಿದು ಹೀಟರಿನ ಪಕ್ಕ ಕೂರಿಸಿದರು. ನಾನು ಬಾಯಿ ತೆರೆದಾಗಲೆಲ್ಲ ಏನಾದರೊಂದು ತಿನ್ನಲು ತಂದರು. ತಮಿಳರ ಅಂಗಡಿಯ ಕೆಸುವಿನ ಎಲೆಯಲ್ಲಿ ಮಾಡಿದ ಪತ್ರೊಡೆ ಮುಗಿಯುವವರೆಗೂ ನನಗೆ ಕ್ಷಮೆ ಕೇಳುವ ಅವಕಾಶ ಸಿಗಲಿಲ್ಲ.

"ನನ್ನಿಂದ ತಪ್ಪಾಯ್ತು ಲೀಲಕ್ಕ" ಎಂದು ಕೊನೆಗೆ ಹೇಳಿಬಿಟ್ಟೆ.

"ಎಂತ ತಪ್ಪು? ಎಷ್ಟು ಚಂದ ಮಾತಾಡಿದ್ರಿ ನೀವು. ನನಗೆ ಕಣ್ಣಲ್ಲಿ ನೀರು ಬಂತು." ಅವರು ಸೆರಗಿನಿಂದ ಮೇಜು ಒರೆಸಿದರು. "ನಿಮಗೆ ಗೊತ್ತಿರ್ಲಿಲ್ಲ. ನಮಗೆ ಗೊತ್ತಿತ್ತಲ್ಲ? ನಾವೂ ಚಪ್ಪಾಳೆ ಹೊಡೆದೆವು. ಊರಿನಿಂದ ಬಂದವರ ಎದುರು ಜಗಳ ಮಾಡಿದ್ರೆ, ಕೆನಡಾದವರು ಕಚ್ಚಾಡ್ತಾರೆ ಅಂತ ನಾಳೆ ಊರಿಡೀ ಆಗ್ತದೆ. ಅದೊಂದು ಹೆದರಿಕೆ ನಮಗೆ. ಇಲ್ಲಿ ಇಷ್ಟು ವರ್ಷ ಆದ್ರೂ ಊರಿನವರು ಎಂತ ಹೇಳ್ತಾರೆ ಅಂತಲೇ."

ಖಾಲಿ ತಟ್ಟೆಗಳನ್ನು ಒಂದರ ಮೇಲೊಂದು ಇಡುತ್ತ ಮತ್ತೆ ಅವರೇ ಹೇಳಿದರು. "ಅವನನ್ನು ಕೂರಿಸಿದ್ದು ನಾನು ಮಾಸ್ಟ್ರೇ. ನಮ್ಮ ಹುಡುಗ, ಒಳ್ಳೆ ಕೆಲಸ ಮಾಡ್ತಾನೆ ಅಂತ ಮನೆ ಮನೆಗೆ ಹೇಳಿದವಳು. ಕೂಟ ನಿಂತ ಮೇಲೆ ಅವರೆಲ್ಲ ನನ್ನ ಹತ್ರ ಕೇಳ್ತಾರೆ, ಎಂತ ಲೀಲಕ್ಕ, ಹೀಗಾಯ್ತಲ್ಲ? ತುಳುವಲ್ಲಿ ನಾಲ್ಕು ಮಾತಾಡ್ಲಿಕ್ಕೆ ಆ ಒಂದು ಶನಿವಾರ ಬಿಟ್ರೆ ಬೇರೆ ಎಂತ ಇತ್ತು ಅವರಿಗೆ? ಮನೆಯಲ್ಲಿ ಮಕ್ಕಳು ಕೆಲಸಕ್ಕೆ, ಮೊಮ್ಮಕ್ಕಳು ಇಂಗ್ಲಿಷು. ಹಾಗಾಗಿ ಓಟು ಹಾಕಿದವಳೇ ಎದ್ದು ಕೇಳ್ಬೇಕು ಅಂತ ನನಗೆ ಆಸೆ ಇತ್ತು. ಜಗನ್ನಾಥಾ, ಯಾಕೆ ಹೀಗೆ ಮಾಡಿದಿ ಅಂತ. ಸಭೆಯಲ್ಲಿ. ಎಲ್ಲರೂ ಕೇಳುವ ಹಾಗೆ."

ಹೊರಡುವಾಗ ಅವರು ಪತ್ರೊಡೆಯನ್ನು ಫಾಯಿಲಿನಲ್ಲಿ ಸುತ್ತಿ ಸುಮತಿಯ ಕೈಗೆ ಕೊಟ್ಟರು.

ಜಗನ್ನಾಥಣ್ಣ ಬಂದರು

ಆ ವಾರವೇ ಅಧ್ಯಕ್ಷರು ಕೃತಜ್ಞತೆ ಹೇಳಲು ಸ್ವೀಟಿನ ಡಬ್ಬ ಹಿಡಿದು ಸದಾಶಿವನ ಮನೆಗೇ ಬಂದರು. ಸದಾಶಿವ ಶಿಫ್ಟಿನಲ್ಲಿದ್ದ. ಶೋಭಾ ಚಹಾ ಕೊಟ್ಟು ಒಳಗೆ ಹೋದಳು. ಇದೇ ಸಮಯ ಎಂದುಕೊಂಡು ನಾನು ನನ್ನ ಮಾತಿನ ಸಾಮರ್ಥ್ಯವನ್ನೆಲ್ಲ ಒಟ್ಟುಮಾಡಿ ಕೇಳಿದೆ. ಸ್ಕಾರ್‌ಬರೋದ ಕೂಟ ಯಾಕೆ ನಿಂತಿತು, ಬಸ್ಸಿನಲ್ಲಿ ಬರುವವರ ಗತಿಯೇನು, ಗೆಲ್ಲಿಸಿದವರನ್ನು ಮರೆಯುವುದು ಸರಿಯೇ. ಅವರಿಗೆ ಸಿಟ್ಟು ಬರಬಹುದು, ಬರಲಿ ಎಂದು ತಯಾರಾಗಿದ್ದೆ.

ಸಿಟ್ಟು ಬರಲಿಲ್ಲ. "ಅಯ್ಯೋ ಮಾಸ್ಟ್ರೇ, ಇಷ್ಟೇನಾ?" ಎಂದರು. "ಯಾರೂ ನನ್ನ ಹತ್ರ ಸರೀ ಹೇಳ್ಲೇ ಇಲ್ಲ. ಮಹಾಸಭೆಯಲ್ಲಿ ಒಬ್ಬರಾದ್ರೂ ಕೇಳಿದ್ರಾ, ನೀವೇ ಹೇಳಿ? ಎಲ್ಲರೂ ಚಪ್ಪಾಳೆ ಹೊಡೆದ್ರು. ಈಗ ನೀವು ಹೇಳಿದ್ರಲ್ಲ, ಮುಗೀತು. ನಿಮ್ಮ ಮಾತಿಗೆ ಇಲ್ಲ ಅಂತೇನಾ? ನೀವು ಇಲ್ಲಿರುವಾಗಲೇ ಒಂದು ಕೂಟ ಮಾಡುವ."

ಆಗ ಫ್ಯೂನರಲ್ ಹೋಮಿನಲ್ಲಿ ಹಗಲಿಡೀ ನಿಂತ ಹಳೆಯ ಜಗನ್ನಾಥ ನನಗೆ ಒಂದು ಕ್ಷಣ ಕಂಡಂತಾಯಿತು. ಫೋನು ತೆಗೆದು, ನನ್ನೆದುರೇ ಹಾಲು ಬುಕ್ ಮಾಡಿಸಿ, ಅಡುಗೆಯವರಿಗೆ ಹೇಳಿ ಎದ್ದುಹೋದರು. ನನಗೆ ಖುಷಿಯಾಯಿತು ಎಂದು ಬರೆಯಲು ಈಗ ಕೈ ಹಿಂಜರಿಯುತ್ತದೆ. ಆದರೆ ಆಯಿತು. ಕೆಡಿಸಿದವನೇ ಸರಿಮಾಡಿದೆ ಎಂದು ಅಂದು ಸಂಜೆ ಮನೆಯೊಳಗೆ ಎದೆಯುಬ್ಬಿಸಿ ಓಡಾಡಿದೆ. ಸದಾಶಿವ ಬಂದೊಡನೆ ಬಾಗಿಲಲ್ಲೇ ಹೇಳಿದೆ. ಅವನು ಬೂಟು ಬಿಚ್ಚುತ್ತ, "ಒಳ್ಳೆದಾಯ್ತು ಭಾವ" ಎಂದ. ಅವನ ದನಿಯಲ್ಲಿ ಏನೋ ಕಡಿಮೆಯಿತ್ತು. ದಣಿವಿರಬೇಕು ಎಂದುಕೊಂಡೆ.

ಮತ್ತೆ ಸ್ಕಾರ್‌ಬರೋ, ಕೊನೆಯ ಶನಿವಾರ

ಅಂಗಡಿ ಸಾಲೊಂದರ ಹಿಂಬದಿಯಲ್ಲಿರುವ ಸಣ್ಣ ಹಾಲು ಅದು. ತೂಗುದೀಪವಿಲ್ಲ, ಕುರ್ಚಿಗಳಿಗೆ ಅಂಗಿಯಿಲ್ಲ. ಹನ್ನೊಂದರ ಹೊತ್ತಿಗೆ ಒಬ್ಬೊಬ್ಬರೇ ಬರತೊಡಗಿದರು. ವಾಕರ್ ತಳ್ಳಿಕೊಂಡು, ಕೋಲೂರಿಕೊಂಡು, ಇಬ್ಬರು ಕೈಕೈ ಹಿಡಿದುಕೊಂಡು ಬಸ್ಸಿಳಿದು ಬಂದರು. ಕೋಟು, ಟೋಪಿ, ಮಫ್ಲರು ಎಲ್ಲ ಕಳಚುವಷ್ಟರಲ್ಲೇ ತುಳು ಶುರುವಾಗಿತ್ತು. ಒಬ್ಬ ಅಜ್ಜ ಇನ್ನೊಬ್ಬರಿಗೆ ತಮ್ಮ ಮೊಣಕಾಲಿನ ಆಪರೇಷನ್ನಿನ ಕತೆಯನ್ನು ಅಭಿನಯ ಸಹಿತ ಹೇಳುತ್ತಿದ್ದರು. ಮೂಲೆಯಲ್ಲಿ ಇಸ್ಪೀಟಿನ ಗುಂಪು ಕೂತಿತು. ಆ ಸಂತೋಷ ನಿಜವಾದದ್ದು, ಅದರಲ್ಲಿ ಅನುಮಾನವಿಲ್ಲ. ನಾನು ಅದನ್ನು ನೋಡುತ್ತ ಹಗುರಾದೆ.

ಊಟಕ್ಕೆ ಮುಂಚೆ ಜಗನ್ನಾಥಣ್ಣ ಎದ್ದು ನಿಂತರು. "ನಮ್ಮ ಮಾಸ್ಟ್ರು ಒಂದು ಮಾತು ಹೇಳಿದ್ರು, ಈ ಕೂಟ ಆಯ್ತು. ಇದು ಅವರಿಗೆ ನಮ್ಮ ಬೀಳ್ಕೊಡುಗೆ. ಎಲ್ಲರೂ ಮಾಸ್ಟ್ರಿಗೆ ಒಂದು ಚಪ್ಪಾಳೆ ಕೊಡಿ!"

ಕೊಟ್ಟರು. ಇಸ್ಪೀಟಿನವರು ಎಲೆಗಳನ್ನು ಕೆಳಗಿಟ್ಟು ಕೊಟ್ಟರು. ಮೊಣಕಾಲಿನ ಅಜ್ಜ ಎದ್ದು ನಿಂತು ಕೊಟ್ಟರು. ಸದಾಶಿವ ಅನ್ನದ ಪಾತ್ರೆಯ ಹತ್ತಿರ ಸೌಟು ಹಿಡಿದು ನಿಂತಿದ್ದ. ಅವನ ಕಡೆ ಯಾರೂ ನೋಡಲಿಲ್ಲ. ಮಾತಾಡಿ ಮಾತಾಡಿ ಎಂದು ಎಲ್ಲರೂ ನನ್ನನ್ನು ಒತ್ತಾಯಿಸಿದರು. ನಾನು ಎದ್ದೆ. "ಇದು ನನ್ನಿಂದ ಆದದ್ದಲ್ಲ, ನೀವೇ..." ಎಂದು ಶುರುಮಾಡಿದೆ. ಮುಂದೆ ಏನು ಹೇಳಬೇಕೆಂದು ಹುಡುಕಿದರೆ ಒಂದೂ ನಿಜವಾದ ಮಾತು ಸಿಗಲಿಲ್ಲ. ಅವರು ಕೇಳಿರಲಿಲ್ಲ. ಕೇಳಲು ನಾನು ಬಿಟ್ಟಿರಲಿಲ್ಲ. ಕೈಮುಗಿದು ಕೂತೆ. ಎಂಥ ವಿನಯ ನೋಡಿ ಎಂದು ಯಾರೋ ಹೇಳಿದ್ದು ಕೇಳಿಸಿತು.

ಊಟದ ತಟ್ಟೆ ಹಿಡಿದು ಲೀಲಕ್ಕ ನನ್ನ ಪಕ್ಕದ ಕುರ್ಚಿಗೆ ಬಂದರು.

"ನೀವು ಹೊರಡುದು ಯಾವಾಗ ಮಾಸ್ಟ್ರೇ?"

"ಬುಧವಾರ."

"ಮತ್ತೆ ಬರುದು?"

"ಗೊತ್ತಿಲ್ಲ ಲೀಲಕ್ಕ. ಅಷ್ಟು ದೂರ, ವಯಸ್ಸೂ ಆಯ್ತಲ್ಲ."

ಅವರು ಅನ್ನ ಕಲಸುತ್ತ ಕೇಳಿದರು. "ಮುಂದಿನ ತಿಂಗಳು ಇದು ಮತ್ತೆ ನಿಂತ್ರೆ, ನಾವು ಊರಿಗೆ ನಿಮಗೆ ಫೋನ್ ಮಾಡ್ಬೇಕಾ?"

ಕುಟುಕಲು ಹೇಳಿದ್ದಿರಬಹುದು ಎಂದು ಅವರ ಮುಖ ನೋಡಿದೆ. ಹಾಗೇನೂ ಇರಲಿಲ್ಲ. ಅವರು ಆಗಲೇ ತಟ್ಟೆಯನ್ನು ಪಕ್ಕಕ್ಕಿಟ್ಟು, ಎಡಗೈಯಿಂದ ಕೋಟಿನ ಜೇಬಿನಲ್ಲಿದ್ದ ಫೋನು ತೆಗೆದು, ಕನ್ನಡಕ ಏರಿಸಿಕೊಂಡು ನನ್ನ ನಂಬರಿಗಾಗಿ ಕಾಯುತ್ತಿದ್ದರು. ಎಲ್ಲೂ ನೋಡಲಾಗದೆ ನೆಲ ನೋಡುತ್ತ ನಾನು ಒಂದೊಂದೇ ಅಂಕೆ ಹೇಳಿದೆ.